ಆಳಂದದಲ್ಲಿ ಸುಟ್ಟ ಪೇಟಿ

ಆ ಮಧ್ಯಾಹ್ನ ಆಳಂದದ ನಾಟಕದ ಡೇರೆಯೊಳಗೆ ನಾವು ನಾಲ್ಕು ಮಂದಿ ಇದ್ದೆವು. ಕಂಪನಿಯ ಮಾಲಕರಾದ ಚನ್ನಮಲ್ಲಪ್ಪನವರು ಹೊರಸಿನ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಸವರುತ್ತಿದ್ದರು. ತಬಲಾದ ಹುಸೇನಸಾಬ ಡಗ್ಗದ ಬಾರು ಎಳೆದು ಬಿಗಿ ಮಾಡುತ್ತಿದ್ದ. ನನ್ನ ಜೋಡಿ ಒಬ್ಬರೇ ಉಸ್ತಾದರ ಹತ್ತಿರ ಕಲಿತ ದತ್ತೋಬಾ ಮೂಲೆಯಲ್ಲಿ ಸುರಪೇಟಿ ಇಟ್ಟುಕೊಂಡು ಒಂದೇ ಸ್ವರ ಹಿಡಿದು ಕೂತಿದ್ದ. ಕಂಪನಿಯೊಳಗೆ ಅವನ ಕೆಲಸ ಅಷ್ಟೇ. ಇನ್ನು ನಾನು, ಜೇವರ್ಗಿ ಕಡೆಯ ಇಜೇರಿಯ ಶಿವರಾಯ, ಪೇಟಿ ಮಾಸ್ತರ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅಂತಾರೆ. ಪಾತ್ರದವರೆಲ್ಲ ಉಂಡು ಮಲಗಿದ್ದರು.

ಇದ್ದಲಿ ಒಲೆಯ ಮೇಲೆ ಚಹಾ ಉಕ್ಕಿ ಬಂತು. ನಾನು ಕಿರುಬೆರಳನ್ನು ಕೊಕ್ಕೆ ಮಾಡಿ ಕಿಟ್ಲಿಯ ಹಿಡಿಕೆಗೆ ಹಾಕಿ, ಎತ್ತಿ, ಸಾವಕಾಶ ಕೆಳಗಿಟ್ಟೆ. ಚರ್ಮ ಸುಟ್ಟ ವಾಸನೆ ಬಂತು. ಎಲ್ಲಿಂದ ಬಂತು ಅಂತ ನಾನೂ ಸುತ್ತಮುತ್ತ ನೋಡಿದೆ.

"ಭಲೇ ಮಾಸ್ತರ," ಅಂತ ಹುಸೇನಸಾಬ ನಕ್ಕ. "ಬೆರಳು ಏನು ಪಳಗ್ಯಾವ್ರಿ ನಿಮ್ಮವು."

ನನಗೂ ಹಾಗೇ ಅನಿಸಿತ್ತು. ಅಷ್ಟೇ ಅಲ್ಲ, ಆ ಬೆರಳಿನ ಬಗ್ಗೆ ನನಗೆ ಬಾಳ ಸೊಕ್ಕಿತ್ತು. ಅದಕ್ಕೆ ಕಾರಣ ಅಫಜಲಪುರದ ನಮ್ಮ ಉಸ್ತಾದ ಮೌಲಾಸಾಬರು. ಭೀಮಾ ನದಿಯ ದಂಡೆಗೆ ಅವರ ಮನೆ. ಬೆಳಗಿನ ರಿಯಾಜು ಮುಗಿದ ಮೇಲೆ ಒಂದು ಬಟ್ಟಲದಲ್ಲಿ ಕುಸುಬಿ ಎಣ್ಣೆ ಬಿಸಿ ಮಾಡಿ ನಮ್ಮ ಮುಂದೆ ಇಡುತ್ತಿದ್ದರು. ಎಲ್ಲರೂ ಬೆರಳ ತುದಿ ಅದ್ದಬೇಕು. ಯಾರು ಬಾಳ ಹೊತ್ತು ತಡೆಯುತ್ತಾರೋ ಅವರ ಬೆರಳು ಪಳಗಿದ್ದು ಅಂತ ಲೆಕ್ಕ. "ನೋವು ಮರತ ಬೆರಳಿಗೇ ಸುರ್ ನೆನಪಿರ್ತದ ಬೇಟಾ," ಅಂತಿದ್ದರು. ದತ್ತೋಬಾ ಅದ್ದಿದ ಕೂಡಲೇ ಹಾ ಅಂತ ಕೈ ತೆಗೆಯುತ್ತಿದ್ದ. ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಬಾಜೂದ ಉಂಗುರದ ಬೆರಳು ಮಾತ್ರ ಎಣ್ಣೆಯೊಳಗೆ ತಣ್ಣೀರಿನಲ್ಲಿ ಇದ್ದ ಹಾಗೆ ಇರುತ್ತಿದ್ದವು. ಉಸ್ತಾದರು ನನ್ನ ಬೆನ್ನು ಚಪ್ಪರಿಸುತ್ತಿದ್ದರು. ದತ್ತೋಬಾ ತನ್ನ ಕೆಂಪಾದ ಬೆರಳು ಊದಿಕೊಳ್ಳುತ್ತ ನನ್ನ ಕಡೆ ನೋಡುತ್ತಿದ್ದ. ಮೈಯೊಳಗಿನ ಬ್ಯಾನಿಯನ್ನು ವಿದ್ಯೆ ಅಂತ ತಿಳಿದು ಮೆರೆದವನು ಪೇಟಿಯವನಲ್ಲದೆ ಬೇರೆ ಯಾರಿದ್ದಾನು?

ಆಳಂದದ ಆ ಮಧ್ಯಾಹ್ನ ದತ್ತೋಬಾ ನಗಲಿಲ್ಲ. ಸುರಪೇಟಿ ನಿಲ್ಲಿಸಿದ. ರಾಣಿ ಪಾತ್ರದ ಸೀರೆಗೆ ಚುಚ್ಚಿದ್ದ ಟಾಚಣಿ ಕಿತ್ತುಕೊಂಡು ಬಂದ, ನನ್ನ ಕೈ ಹಿಡಿದ, "ಶಿವರಾಯ, ಆ ಕಡೆ ನೋಡು," ಅಂದ. ನಾನು ಚೇಷ್ಟೆ ಮಾಡುತ್ತಾನೆ ಅಂದುಕೊಂಡು ಡೇರೆಯ ಬಾಗಿಲ ಕಡೆ ನೋಡಿದೆ. ತಿರುಗಿ ನೋಡಿದಾಗ ಟಾಚಣಿ ಅರ್ಧದ ತನಕ ನನ್ನ ಕಿರುಬೆರಳಿನೊಳಗಿತ್ತು.

"ಮಾಲಕರ, ಇದು ಪಳಗಿದ ಬೆರಳಲ್ರಿ," ಅಂದ ದತ್ತೋಬಾ. "ಇದು ದೊಡ್ಡ ಬ್ಯಾನಿ."

ಕುಷ್ಠ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ಬ್ಯಾನಿ ಅಂದರೆ ಸಾಕಿತ್ತು. ಮಾಲಕರು ಕೈಯೊಳಗಿನ ಎಲೆ ಕೆಳಗೆ ಇಟ್ಟರು.

"ತಮ್ಮಾ, ಸಂಜೀದೊಳಗ ನಿಮ್ಮೂರ ದಾರಿ ಹಿಡಿ," ಅಂದರು. "ಗದ್ಲ ಮಾಡಬ್ಯಾಡ. ಕಂಪನಿ ಹೆಸರು ಕೆಡತದ."

ನಾನು ಪೇಟಿ ಎತ್ತಿಕೊಳ್ಳಲಿಕ್ಕೆ ಬಗ್ಗಿದೆ. ಅದು ಕಂಪನಿಯದಲ್ಲ, ನನ್ನದು. ನಮ್ಮ ಅಕ್ಕ ಗೌರಕ್ಕ ತನ್ನ ಕೈಯೊಳಗಿನ ಬಂಗಾರದ ಪಾಟ್ಲಿ ಮಾರಿ ಕೊಡಿಸಿದ್ದು.

"ಅದನ್ನ ಎತ್ತಬ್ಯಾಡ," ಅಂತ ದತ್ತೋಬಾ ಅಡ್ಡ ಬಂದ. "ಇಂವ ಒತ್ತಿದ ಪೇಟಿ ಪಟ್ಟಿ ಮತ್ತೊಬ್ಬರು ಒತ್ತಿದರ ಬ್ಯಾನಿ ಹತ್ತತದ್ರಿ. ದಾರ್ಯಾಗ ಯಾರರ ಮುಟ್ಟಿದರ ಪಾಪ ನಮಗ. ಸುಡಬೇಕು. ನೀವ್ಯಾರೂ ಸನೇಕ ಬರಬ್ಯಾಡ್ರಿ, ನಾನ ಸುಡ್ತೇನಿ."

ಗೋಣಿಚೀಲ ತಂದು ಪೇಟಿಯ ಮೇಲೆ ಹೊದಿಸಿ ಎತ್ತಿಕೊಂಡು ಹೋದ. ಇವನ ಧೈರ್ಯ ನೋಡು ಅಂತ ಮಾಲಕರು ತಲೆದೂಗಿದರು. ನಾನು ಊರ ಕಡೆ ಹೊರಟ ಬಂಡಿಯೊಳಗೆ ಕೂತಾಗ ಡೇರೆಯ ಹಿಂದೆ ಹೊಗೆ ಏಳುತ್ತಿತ್ತು. ಹುಸೇನಸಾಬ ಬಂಡಿಯ ಜೋಡಿ ಊರ ಹೊರಗಿನ ತನಕ ನಡೆದು ಬಂದ. ರೊಟ್ಟಿ ಗಂಟು ನನ್ನ ತೊಡೆಯ ಮೇಲೆ ಇಟ್ಟು, ಅದೇ ಕೈಯಿಂದ ತನ್ನ ಕಣ್ಣು ಒರೆಸಿಕೊಂಡು ಹೋದ.

ಈ ಬ್ಯಾನಿ ಬಂದವರಿಗೆ "ಸಿಟ್ಟು ಬಿಡು, ದೇವರ ಮೇಲೆ ಭಾರ ಹಾಕು" ಅನ್ನುವವರು ಊರತುಂಬ ಸಿಗುತ್ತಾರೆ. ಸಿಟ್ಟು ಇಟ್ಟುಕೊಳ್ಳಪ್ಪ, ಅದೂ ಒಂದು ಕೆಲಸಕ್ಕೆ ಬರತದ ಅನ್ನುವವರು ಒಬ್ಬರಾದರೂ ಇರಲಿ ಅಂತ ನಾನು ಇದನ್ನು ಬರೆಯುತ್ತಿದ್ದೇನೆ.

ಇಜೇರಿಯೊಳಗೆ ನಾನು ಗೌರಕ್ಕನ ಮನೆಯಲ್ಲೇ ಬೆಳೆದವನು. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನಮ್ಮ ಮಾವ, ಗೌರಕ್ಕನ ಗಂಡ, ಕೆಟ್ಟ ಮನುಷ್ಯನಲ್ಲ; ನನ್ನ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಹಾಕಿ, ಅದರ ಕೆಳಗೆ ಮೆತ್ತಗಿರಲಿ ಅಂತ ಹುಲ್ಲು ಹರವಿದ್ದ. ನನಗೊಂದು ಬೇರೆ ತಾಟು, ಬೇರೆ ತಂಬಿಗೆ. ಗೌರಕ್ಕ ಬಂದು ನನ್ನ ಕೈ ನೋಡಿದಳು, ಅಳಲಿಲ್ಲ.

"ಪೇಟಿ ಎಲ್ಲಿ?" ಅಂದಳು.

"ಸುಟ್ರು."

"ಯಾರು?"

"ದತ್ತೋಬಾ."

ನಮ್ಮ ಮನೆಯೊಳಗೆ ಅವನು ಎಷ್ಟೋ ಸಲ ಉಂಡವನು. ಗೌರಕ್ಕ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕಿದ ಹೆಣ್ಣುಮಗಳು. "ಉಂಡ ಮನೀ ಜಂತಿ ಎಣಿಸಿದ ಬಾಡ್ಯಾ," ಅಂದಳು. "ಅವಗ ನೀ ಹೊಳ್ಳಿ ಕೊಡಬೇಕೋ ಶಿವೂ. ಅದಕ್ಕ ಮೊದಲ ನೀ ಉಳೀಬೇಕು. ನಡಿ, ದವಾಖಾನಿಗೆ ಹೋಗೂಣು."

ಸೊಲ್ಲಾಪುರದ ಕಡೆ ಒಂದು ಮಿಶನ್ ದವಾಖಾನೆ ಇದೆ, ಅಲ್ಲಿಯ ದೊರಸಾನಿ ಈ ಬ್ಯಾನಿ ನೋಡುತ್ತಾಳೆ ಅಂತ ಸುದ್ದಿ ಇತ್ತು. ರೈಲು ಹಿಡಿಯಲಿಕ್ಕೆ ಕಲಬುರಗಿಗೆ ಹೋಗಬೇಕು. ನಡುವೆ ಭೀಮಾ ಹೊಳೆ ದಾಟಬೇಕು. ಹರಗೋಲಿನ ಅಂಬಿಗ ನನ್ನ ಕೈಗೆ ಸುತ್ತಿದ ಅರಿವೆ ನೋಡಿ, "ನೀವು ಕಡೀಕ ಬರ್ರಿ," ಅಂದ. ಜನ ದಾಟಿದರು, ಕುರಿ ದಾಟಿದವು, ಒಬ್ಬನ ಜೋಳದ ಚೀಲ ದಾಟಿದವು. ನಾವು ದಂಡೆಯ ಮೇಲೆ ಕೂತೇ ಇದ್ದೆವು. ಗೌರಕ್ಕ ನನ್ನ ಅದೇ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. ನನ್ನ ಎರಡು ಬೆರಳಿಗೆ ಅವಳ ಕೈ ಗೊತ್ತಾಗಲಿಲ್ಲ. ಉಳಿದ ಮೂರಕ್ಕೆ ಗೊತ್ತಾಯಿತು.

ದವಾಖಾನೆಯ ಮುಂದೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಉದ್ದನೆಯ ಬೆಂಚು, ಬೆಂಚಿನ ತುಂಬ ನಮ್ಮಂಥವರು. ನಮ್ಮ ಆಳಂದ ಕಡೆಯ ಮಂದಿಯೂ ಇದ್ದರು. ದೊರಸಾನಿ ಒಳಗೆ ಕರೆದು, ನನ್ನ ಕಣ್ಣಿಗೆ ಅರಿವೆ ಕಟ್ಟಿ, ಕೋಳಿ ಪುಕ್ಕದಿಂದ ಕೈ ಸವರಿದಳು. "ಮುಟ್ಟಿದಲ್ಲಿ ಬೆರಳು ತೋರಸು," ಅಂದಳು. ನಾನು ಸುಮ್ಮನೆ ಕಾಯುತ್ತ ಕೂತೆ. ಆಕೆ ಯಾವಾಗ ಮುಟ್ಟುತ್ತಾಳೋ ಅಂತ ಕಾಯುತ್ತಿದ್ದೆ. ಆಕೆ ಆಗಲೇ ಮುಗಿಸಿದ್ದಳು. ಅರಿವೆ ಬಿಚ್ಚಿದಾಗ ಗೌರಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಇದು ಪಟ್ಟಿ ಒತ್ತಿದರ, ತಾಟು ಮುಟ್ಟಿದರ ಹತ್ತೂದಿಲ್ಲ," ಅಂತ ದೊರಸಾನಿ ಅಕ್ಕನಿಗೆ ಹೇಳಿದಳು. ಆಕೆ ಕನ್ನಡ ಕಲಿತದ್ದು ರೋಗಿಗಳ ಬಾಯಿಂದ. ಅದಕ್ಕೆ ಗಂಡಸರಿಗೆಲ್ಲ ಲೇ ಅನ್ನುತ್ತಿದ್ದಳು. "ಲೇ ತಮ್ಮಾ, ಬಾಳ ದಿನ ಇರಬೇಕಾಗ್ತದ. ಇರ್ತೀಯೇನು?"

ಇದ್ದೆ. ಗರುಡಫಲದ ಎಣ್ಣೆಯನ್ನು ಸೂಜಿಯಿಂದ ತೊಡೆಗೆ ಏರಿಸುತ್ತಿದ್ದರು. ಬೆರಳಿಗೆ ಗೊತ್ತಾಗದ ನೋವೆಲ್ಲ ಬಡ್ಡಿ ಸಮೇತ ತೊಡೆಯೊಳಗೆ ಬರುತ್ತಿತ್ತು. ಸೂಜಿಯ ದಿನ ಎಲ್ಲರೂ ಬೆಂಚಿನ ಮೇಲೆ ಸರದಿಗೆ ಕೂತು ಒಳಗಿನಿಂದ ಬರುವ ಒಬ್ಬೊಬ್ಬರ ಕೂಗು ಕೇಳುತ್ತಿದ್ದೆವು. ಆ ಕೂಗು ಕೇಳಿಸಬಾರದು ಅಂತ ಖಾಸೀಂಬೀ ಒಂದು ಆಟ ಹುಟ್ಟಿಸಿದಳು. ಖಾಸೀಂಬೀ ಆಳಂದದ ಮುದುಕಿ. ಮೂಗು ಕುಂತಿತ್ತು, ನಾಲಿಗೆ ಕುಂತಿರಲಿಲ್ಲ. ನಾವೆಲ್ಲ ಆಕೆಗೆ ಖಾಲಾ ಅನ್ನುತ್ತಿದ್ದೆವು. ಬೆಂಚಿನ ಮೇಲೆ ಕೂತವರು ಸರದಿ ಪ್ರಕಾರ, ತಮ್ಮನ್ನು ಮನೆಯಿಂದಲೋ ಊರಿಂದಲೋ ಹೊರಗೆ ಹಾಕಿದವರಿಗೆ ಒಂದೊಂದು ಶಾಪ ಹಾಕಬೇಕು. ಒಂದೇ ಕರಾರು.

"ಸಾಯೂ ಹಂಗ ಬಯ್ಯಬಾರದು," ಅಂದಳು ಖಾಲಾ. "ಸತ್ತರ ಮಜಾ ನೋಡವ್ರು ಯಾರು?"

ಅವಳ ಸೊಸೆಗೆ ಅವಳು ಹಾಕಿದ್ದು: "ಆಕಿ ಮಾಡಿದ ಎಲ್ಲಾ ಖಾನಾದಾಗ ಒಂದ ಹರಳು ಇರಲಿ. ಒಂದ." ಒಬ್ಬ ಗೌಡ ತನ್ನ ತಮ್ಮನಿಗೆ, "ಅವನ ಚಪ್ಪಲಿ ಜೀವ ಇರೂತನಕ ಕಿರ್‍ರ್ ಅನ್ಲಿ," ಅಂದ. ನನ್ನ ಸರದಿ ಬಂದಾಗ ನಾನು, "ದತ್ತೋಬಾ ನನ್ನ ಜಾಗಾದಾಗ ಕೂತು ರಾಜಾನ ಹಾಡಿಗೆ ಬಾರಸಾಗ ಅವನ ಪೇಟಿ ಗಾಳಿ ಹೋಗಲಿ," ಅಂದೆ.

"ಸಣ್ಣದಾತು," ಅಂತ ಖಾಲಾ ತಲೆ ಅಲ್ಲಾಡಿಸಿದಳು. "ಅಂವ ಬಂದು ನಿನ್ನ ಪೇಟಿಗೆ ಗಾಳಿ ಹಾಕ್ಕೋತ ಕೂಡ್ರಲಿ ಅನ್ನು."

ಬೆಂಚಿನ ಮೇಲಿದ್ದವರೆಲ್ಲ ಅಮೀನ್ ಅಂದರು. ಒಳಗಿನಿಂದ ನನ್ನ ಹೆಸರು ಕರೆದರು. ಆ ದಿನ ಸೂಜಿ ಅಷ್ಟು ನೋಯಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೋಯಿತು. ಆದರೆ ನಾನು ನಗುತ್ತ ಒಳಗೆ ಹೋದೆ.

ದೊರಸಾನಿಯ ಬಂಗಲೆಯ ಪಡಸಾಲೆಯೊಳಗೆ ಒಂದು ಪಿಯಾನೋ ಇತ್ತು. ಪೇಟಿಯ ಅಣ್ಣ ಅನ್ನಿ, ಹಲಗೆ ಪೆಟ್ಟಿಗೆ, ಬಿಳಿ ಕರಿ ಪಟ್ಟಿ. ದಿನಾ ಸಂಜೆ ಆಕೆ ಅದರ ಮುಂದೆ ಕೂತು ಒಂದೇ ತುಣುಕನ್ನು ಮತ್ತೆ ಮತ್ತೆ ಬಾರಿಸುತ್ತಿದ್ದಳು. ರಿಯಾಜಿನ ಸಪ್ಪಳ ನನಗೆ ಗೊತ್ತಾಗದೆ ಇರುತ್ತದೆಯೆ? ಬಾಗಿಲ ಹೊರಗೆ ಹೋಗಿ ನಿಂತೆ.

"ಒಳಗ ಬಾರಲೇ," ಅಂದಳು. "ನೀ ಪೇಟಿಯಾಂವ ಅಂತ ಹೌದಿಲ್ಲೋ?"

ಆಕೆ ಸಣ್ಣಾಕೆ ಇದ್ದಾಗಿನಿಂದ ಪಿಯಾನೋ ಕಲಿತವಳಂತೆ. ಗುರು ಬೆರಳ ಗೆಣ್ಣಿಗೆ ಕೋಲಿನಿಂದ ಹೊಡೆಯುತ್ತಿದ್ದನಂತೆ. ಕೈ ಅಲ್ಲಾಡಬಾರದು ಅಂತ ಮುಂಗೈ ಮೇಲೆ ನಾಣ್ಯ ಇಡುತ್ತಿದ್ದನಂತೆ. ದೊಡ್ಡ ದೊಡ್ಡ ದಿವಾಣಖಾನೆಗಳಲ್ಲಿ ಸಾವಿರಾರು ಜನರ ಮುಂದೆ ಒಬ್ಬಳೇ ಕೂತು ಬಾರಿಸಬೇಕು ಅಂತ ಆಸೆ ಇತ್ತಂತೆ. ಹಾಗೆ ಬಾರಿಸಿದ್ದೂ ಉಂಟಂತೆ, ಸ್ವಲ್ಪ ದಿನ.

"ಮತ್ತ ಯಾಕ ಬಿಟ್ರಿ?" ಅಂದೆ.

"ನನ್ನ ಊರಾಗ ನನಕಿಂತ ಚಲೋ ಬಾರಿಸಾಕಿ ಒಬ್ಬಾಕಿ ಇದ್ಲು. ಬ್ಯಾರೆ ಊರು ನೋಡಿದರ ಅಂಥವರು ಬಾಳ ಮಂದಿ. ಡಾಕ್ಟರಕಿ ಕಲ್ತೆ. ಅದರಾಗೂ ನನಕಿಂತ ಶ್ಯಾಣ್ಯಾರು ಇದ್ರು. ಆದರ ಅವರ‍್ಯಾರೂ ಇಲ್ಲಿಗೆ ಬರಲಿಲ್ಲ." ಹೇಳಿ ತಾನೇ ನಕ್ಕಳು. "ನೀ ಹೊರಗ ಹೋದ ಮ್ಯಾಲ ಏನ ಮಾಡಾಂವ?"

"ಒಬ್ಬಾಂವ ಇದ್ದಾನ್ರಿ. ಅವನ ಹಲ್ಲು ಉದುರಸಾಂವ."

"ಮುಷ್ಟಿ ಮಾಡಿ ತೋರಸು."

ಮುಷ್ಟಿ ಆಗಲಿಲ್ಲ. ಎರಡು ಬೆರಳು ಹದ್ದಿನ ಉಗುರಿನ ಹಾಗೆ ಸೊಟ್ಟಗೆ ನಿಂತಿದ್ದವು. ಅವತ್ತಿನಿಂದ ಆಕೆ ದಿನಾ ನನ್ನ ಕೈಗೆ ಎಣ್ಣೆ ಹಚ್ಚಿಸಿ, ಬೆರಳು ಚಾಚುವುದು, ಮಡಿಚುವುದು ಮಾಡಿಸಿದಳು. ಚಾಚುವಾಗ ನಾನು ದತ್ತೋಬಾನ ಕಪಾಳಕ್ಕೆ ಬಾರಿಸುತ್ತಿದ್ದೆ. ಮಡಿಚುವಾಗ ಅವನ ಕಿವಿ ಹಿಂಡುತ್ತಿದ್ದೆ. ಉಳಿದವರು ಬೇಜಾರಾಗಿ ಈ ಕಸರತ್ತು ಬಿಡುತ್ತಿದ್ದರು. ನನಗೆ ಒಂದು ದಿನವೂ ಬೇಜಾರಾಗಲಿಲ್ಲ.

ಆ ಎರಡು ಬೆರಳಿಗೆ ಸ್ಪರ್ಶ ತಿರುಗಿ ಬರಲಿಲ್ಲ. ಬರುವುದಿಲ್ಲ ಅಂತ ಆಕೆ ಮುಚ್ಚುಮರೆ ಇಲ್ಲದೆ ಹೇಳಿದಳು. ಆ ಸಂಜೆ ನನ್ನನ್ನು ಪಿಯಾನೋದ ಮುಂದೆ ಕೂಡ್ರಿಸಿದಳು. "ಯಾವ ಸ್ವರಕ್ಕ ಯಾವ ಬೆರಳು ಅಂತ ನಿನ್ನ ಉಸ್ತಾದ ಹೇಳಿದ್ದು ಐದು ಬೆರಳು ಇದ್ದಾಗ. ಈಗ ಮೂರದಾವ. ಹೆಬ್ಬೆರಳು ಕರಿ ಪಟ್ಟಿ ಮ್ಯಾಲ ಏರಸು."

ನಾನು ಕೈ ಹಿಂದೆ ತೆಗೆದೆ. ಹೆಬ್ಬೆರಳು ಕರಿ ಪಟ್ಟಿಗೆ ಏರಬಾರದು ಅನ್ನುವುದು ನಮ್ಮ ಉಸ್ತಾದರ ಮೊದಲನೇ ಪಾಠ. ಒಮ್ಮೆ ನಾನು ಏರಿಸಿದಾಗ ಅವರು ಬೆತ್ತ ಬೀಸಿದ್ದರು. ನಾನು ಕೈ ಎಳೆದುಕೊಂಡೆ, ಏಟು ನನ್ನ ಪೇಟಿಯ ಕರಿ ಪಟ್ಟಿಗೆ ಬಿದ್ದು ಅದು ಮುರಿದೇ ಹೋಗಿತ್ತು. ಆಮೇಲೆ ತಾವೇ ಕೋಣದ ಕೋಡು ಅರದಿಂದ ತಿಕ್ಕಿ, ಅದೇ ಅಳತೆಗೆ ತಂದು, ಆ ಜಾಗಕ್ಕೆ ಕೂಡ್ರಿಸಿಕೊಟ್ಟಿದ್ದರು. ಇದನ್ನು ದೊರಸಾನಿಗೆ ಹೇಳಿದೆ. "ಇಲ್ಲಿ ಬೆತ್ತ ಇಲ್ಲ, ಏರಸು," ಅಂದಳು. ಏರಿಸಿದೆ. ಹೊಸದಾಗಿ ಅಂಬೆಗಾಲಿಡುವ ಕೂಸಿನ ಹಾಗೆ ಮೂರು ಬೆರಳು ನಡೆದವು, ಬಿದ್ದವು, ಮತ್ತೆ ನಡೆದವು. ಆ ಪಿಯಾನೋದ ತಂತಿ ಬಿಗಿಯುವುದು, ಪ್ರಾರ್ಥನೆ ಮನೆಯ ಹಳೆ ಪೇಟಿಯ ಸ್ವರ ಕೂಡಿಸುವುದು, ಗಾಳಿ ಹಾಕುವ ಭಾತೆಗೆ ತೊಗಲು ಅಂಟಿಸುವುದು ಎಲ್ಲ ಅಲ್ಲೇ ಕೈಗೆ ಹತ್ತಿತು.

ಕೊನೆಗೆ ಒಂದು ದಿನ ದೊರಸಾನಿ, "ಬ್ಯಾನಿ ನಿಂತದ, ಇನ್ನ ಊರಿಗೆ ಹೋಗಲೇ," ಅಂದಳು. ಖಾಲಾ ಬೆಂಚಿನಿಂದ ಏಳಲಿಲ್ಲ. "ನೆನಪಿರಲಿ, ಸಾಯಸಬ್ಯಾಡ," ಅಂತಷ್ಟೇ ಹೇಳಿದಳು.

ಜೇವರ್ಗಿಯ ಸಂತೆ ಓಣಿಯಲ್ಲಿ ಸಣ್ಣ ಅಂಗಡಿ ಹಾಕಿದೆ. ಪೇಟಿ ರಿಪೇರಿ. ಮೊದಮೊದಲು ಯಾರೂ ಬರಲಿಲ್ಲ. ಗೌರಕ್ಕ ದಿನಾ ಇಜೇರಿಯಿಂದ ಬಂದು ಬುತ್ತಿ ಬಿಚ್ಚಿ, ಓಣಿಯ ಕಡೆ ಮುಖ ಮಾಡಿ, ನನ್ನ ತಾಟಿನೊಳಗೆ ಕೈ ಹಾಕಿ ಉಣ್ಣುತ್ತಿದ್ದಳು. ಒಂದು ಭಜನಾ ಮೇಳದವರು ಬಂದರು, ಆಮೇಲೆ ಮತ್ತೊಂದು.

ಕೆಲವು ವರ್ಷ ಕಳೆದ ಮೇಲೆ ಚನ್ನಮಲ್ಲಪ್ಪನವರ ಕಂಪನಿ ಜೇವರ್ಗಿಗೆ ಬಂತು. ಡೇರೆ ಹೊಡೆದ ಮರುದಿನ ಮುಂಜಾನೆ ಹುಸೇನಸಾಬ ತಲೆಯ ಮೇಲೆ ಒಂದು ಪೇಟಿ ಹೊತ್ತು ಅಂಗಡಿಯೊಳಗೆ ಬಂದ. ನನ್ನನ್ನು ನೋಡಿ ಪೇಟಿ ಇಳಿಸುವುದನ್ನೇ ಮರೆತು ನಿಂತ. ನಾನೇ ಇಳಿಸಿಕೊಂಡೆ. ಬಾಳ ಹೊತ್ತು ಇಬ್ಬರೂ ಮಾತಾಡಿದೆವು. ಕಂಪನಿಗೆ ಈಗ ದತ್ತೋಬಾನೇ ಪೇಟಿ ಮಾಸ್ತರ. ಈ ಪೇಟಿ ಅವನದು, ಸೊಲ್ಲಾಪುರದಾಗ ತಗೊಂಡದ್ದಂತೆ. ಗಾಳಿ ಹೋಗುತ್ತಿದೆಯಂತೆ.

ಕಪ್ಪು ಬಣ್ಣ ಬಳಿದ ಪೇಟಿ. ಭಾತೆ ಎಳೆದು ಮಂದ್ರ ಪಂಚಮ ಒತ್ತಿದೆ. ಗಂಟಲು ಕಟ್ಟಿದ ಹಾಗೆ ಸ್ವಲ್ಪ ಒಡಕು. ಆ ದನಿ ನನಗೆ ಗೊತ್ತಿತ್ತು. ಕೈ ತಾನಾಗಿಯೇ ಒಂದು ಕರಿ ಪಟ್ಟಿಯ ಮೇಲೆ ಹೋಯಿತು. ಉಗುರಿನಿಂದ ಬಣ್ಣ ಕೆರೆದೆ. ಕೋಣದ ಕೋಡು.

"ಇದು ನಂದು," ಅಂದೆ.

ಹುಸೇನಸಾಬ ಬಗ್ಗಿ ನೋಡಿದ. ಅವನಿಗೂ ಆ ಕೋಡಿನ ಪಟ್ಟಿ ಗೊತ್ತಿತ್ತು. "ಹರಾಮಖೋರ," ಅಂದ ಮೆಲ್ಲಗೆ. "ಮತ್ತ ಅವತ್ತ ಸುಟ್ಟದ್ದೇನು?"

"ಬರೇ ಗೋಣಿಚೀಲ ಇರಬೇಕು."

ಹುಸೇನಸಾಬ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಶಿವರಾಯ, ನೀ ಏನೂ ಮಾಡೂದು ಬ್ಯಾಡ. ಇದು ದೊಡ್ಡ ಬ್ಯಾನಿಯವನ ಪೇಟಿ, ಇಷ್ಟು ವರ್ಷ ದತ್ತೋಬಾ ಒತ್ಯಾನ ಅಂತ ನಾನು ಡೇರೇದಾಗ ಒಂದ ಮಾತು ಬಿಡ್ತೇನಿ. ಸಂಜೀಗೆ ಅವನ ಸನೇಕ ನಾಯಿ ಸೈತ ಹಾಯೂದಿಲ್ಲ."

ಆ ಮಾತು ನನಗೆ ಬೆಲ್ಲದಂತೆ ರುಚಿಸಿತು ಅಂತ ಹೇಳಲಿಕ್ಕೆ ನಾಚಿಕೆ ಇಲ್ಲ. ಆದರೆ ಆ ಒಂದು ಮಾತು ಬಿಟ್ಟರೆ, ನನ್ನನ್ನು ಬಂಡಿ ಹತ್ತಿಸಿದ ಸುಳ್ಳನ್ನು ನಾನೇ ಖರೆ ಮಾಡಿದ ಹಾಗೆ. ಅದು ದತ್ತೋಬಾನಿಗೆ ಬಡಿದು ನಿಲ್ಲುವುದಿಲ್ಲ. ತಗಡಿನ ಚಪ್ಪರದ ಬೆಂಚಿನ ಮೇಲೆ ಕೂತವರಿಗೆಲ್ಲ ಬಡಿಯುತ್ತದೆ. ಖಾಲಾಗೂ ಬಡಿಯುತ್ತದೆ. ನನಗೆ ಬೇಕಾದ ಹಗೆ ಒಬ್ಬನದೇ.

"ನೀ ಬಿಡಬ್ಯಾಡ," ಅಂದೆ. "ಅವನ ಬಾಯಿಂದನ ಬರಸ್ತೇನಿ."

ಭಾತೆಯ ಹರಿದ ತೊಗಲು ಸರಿ ಮಾಡಿ, ಮಧ್ಯಾಹ್ನ ಪೇಟಿಯನ್ನು ನನ್ನ ತಲೆಯ ಮೇಲೇ ಹೊತ್ತುಕೊಂಡು ಡೇರೆಗೆ ಹೋದೆ. ತಾಲೀಮು ನಡೆದಿತ್ತು, ಪಾತ್ರದವರೆಲ್ಲ ಇದ್ದರು. ಮಾಲಕರು ಅದೇ ಹೊರಸಿನ ಮೇಲೆ. ದತ್ತೋಬಾ ನನ್ನನ್ನು ನೋಡಿ ಎದ್ದು ನಿಂತ.

"ಕೂಡ್ರು," ಅಂದೆ. ಪೇಟಿಯನ್ನು ನಟ್ಟನಡುವೆ ಇಟ್ಟೆ, ಕೋಡಿನ ಪಟ್ಟಿ ಮಾಲಕರಿಗೆ ಕಾಣುವ ಹಾಗೆ. "ಮಾಲಕರ, ಇದು ಆಳಂದದಾಗ ಸುಟ್ಟ ಪೇಟಿ ನೋಡ್ರಿ. ಬೂದಿಯಾಗಿಲ್ಲ, ಬರೇ ಕರ್‍ರಗಾಗ್ಯದ. ದತ್ತೋಬಾ, ಎಲ್ಲಾರ ಮುಂದ ಒಂದ ಹೇಳು. ಪಟ್ಟಿ ಮುಟ್ಟಿದರ ಬ್ಯಾನಿ ಹತ್ತತದ ಅಂದಿದ್ದಿ. ಅದು ಖರೇ ಇದ್ದರ ನಿನಗ ಹತ್ತಿ ಎಷ್ಟೋ ವರ್ಷ ಆಗ್ಯಾವ, ನನ್ನ ಕಳಿಸಿದ ಬಂಡೀನ ನಿನಗೂ ಕಟ್ಟಬೇಕು. ಸುಳ್ಳಿದ್ದರ ಸುಳ್ಳು ಅನ್ನು."

ರಾಣಿ ಪಾತ್ರದವಳು ದತ್ತೋಬಾನ ಬಾಜೂಕ ಕೂತಿದ್ದಳು. ಸೀರೆ ಸೆರಗು ಎಳೆದುಕೊಂಡು ಅತ್ತ ಸರಿದಳು. ಅವಳ ಆಚೆಯವನು ಸರಿದ. ಮಾಲಕರು ಹೊರಸಿನಿಂದ ಇಳಿಬಿಟ್ಟ ಕಾಲು ಮೇಲೆ ಎಳೆದುಕೊಂಡರು. ದತ್ತೋಬಾನ ಸುತ್ತ ಒಂದು ಕಣದಷ್ಟು ಬಯಲಾಯಿತು. ಅವನು ಒಬ್ಬೊಬ್ಬರ ಮುಖ ನೋಡಿದ. ಆ ಮುಖಗಳನ್ನು ನಾನೂ ನೋಡಿದವನು. ಅವನು ನೋಡುವಷ್ಟು ಹೊತ್ತೂ ನಾನು ಸುಮ್ಮನೆ ನಿಂತೆ. ಅಷ್ಟು ವರ್ಷದೊಳಗೆ ನಾನು ಉಂಡ ಒಳ್ಳೆಯ ಊಟ ಅದು.

"ಹತ್ತೂದಿಲ್ಲ," ಅಂದ ದತ್ತೋಬಾ.

"ಜೋರಾಗಿ ಅನ್ನು. ಹುಸೇನಸಾಬಗ ಕೇಳಿಸಲಿಲ್ಲ."

"ಹೌದಪಾ," ಅಂದ ಹುಸೇನಸಾಬ. "ಡಗ್ಗ ಬಾರಿಸಿ ಬಾರಿಸಿ ನನ್ನ ಕಿವಿ ಹೋಗ್ಯಾವ."

"ಪಟ್ಟಿ ಒತ್ತಿದರ ಹತ್ತೂದಿಲ್ಲ. ನನಗ ಗೊತ್ತಿತ್ತು." ದತ್ತೋಬಾ ನೆಲ ನೋಡುತ್ತಿದ್ದ. "ನಮ್ಮಪ್ಪಗ ಅದ. ಊರಾಗ ಹಿಂದಿನ ಕೋಣ್ಯಾಗ ಇದ್ದಾನ. ಒಂದ ತಾಟಿನಾಗ ಉಂಡು ಬೆಳದೇನಿ."

ಟಾಚಣಿ ಹಿಡಿದು ಬಂದವನಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು ಅಂತ ನನಗೆ ಆಗ ತಿಳಿಯಿತು. ಕೇಳಿ ನನ್ನ ಮನಸ್ಸು ಕರಗಿತು ಅಂತ ನೀವು ಅಂದುಕೊಂಡರೆ ಅದು ನಿಮ್ಮ ದೊಡ್ಡತನ. ನನ್ನ ಸಿಟ್ಟು ಮತ್ತೊಂದು ಮೊಳ ಬೆಳೆಯಿತು. ಅಪ್ಪನ ಜೋಡಿ ಒಂದೇ ತಾಟಿನಲ್ಲಿ ಉಂಡವನು, ನನ್ನ ಕೈಗೆ ಟಾಚಣಿ ಚುಚ್ಚಿದ್ದ.

ಮಾಲಕರು ಕಾಲು ಮತ್ತೆ ಕೆಳಗೆ ಬಿಟ್ಟರು. "ಆದದ್ದು ಆತು ಶಿವರಾಯ. ಇವತ್ತಿನ ಆಟಕ್ಕ ನೀನ ಕೂಡ್ರು."

"ನೀವೂ ಒಂದ ಮಾತು ಕೇಳಲಿಲ್ರಿ ಅವತ್ತ," ಅಂದೆ. ಪೇಟಿ ಎತ್ತಿಕೊಂಡು ಹೊರಗೆ ಬಂದೆ.

ಆ ದಿನದ ಆಟ ಪೇಟಿ ಇಲ್ಲದೆ ನಡೆಯಿತು. ನಾನು ಗೌರಕ್ಕನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ರಾಜ ಒಂದು ಸ್ವರಕ್ಕೆ ಹಾಡಿದ, ರಾಣಿ ಇನ್ನೊಂದಕ್ಕೆ. ಹುಸೇನಸಾಬ ನನ್ನ ಕಡೆ ನೋಡಿ ನಗು ತಡೆಯಲಾಗದೆ ತಾಳ ತಪ್ಪಿದ.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಅಂಗಡಿಯ ಮುಂದೆ ಬಂಡಿ ನಿಂತಿತು. ದತ್ತೋಬಾ ಇಳಿದ. ಬಂಡಿಯೊಳಗೆ ಕಂಬಳಿ ಹೊದ್ದ ಮುದುಕ.

"ಆ ದೊರಸಾನಿ ದವಾಖಾನಿಗೆ ಹ್ಯಾಂಗ ಹೋಗಬೇಕು?" ಅಂದ ದತ್ತೋಬಾ.

ನಾನು ಅವನನ್ನು ದಾಟಿ ಬಂಡಿಯ ಹತ್ತಿರ ಹೋದೆ. ಮುದುಕನನ್ನು ಕೈ ಹಿಡಿದು ಇಳಿಸಿ ಅಂಗಡಿಯೊಳಗೆ ಕೂಡ್ರಿಸಿದೆ, ನೀರು ಕೊಟ್ಟೆ, ದಾರಿ ಎಲ್ಲ ಮುದುಕನಿಗೇ ಹೇಳಿದೆ. ಎಲ್ಲಿ ಇಳಿಯಬೇಕು, ಯಾವ ಬೆಂಚು, ಖಾಸೀಂಬೀ ಇದ್ದರೆ ಅವಳ ಬಾಜೂಕೇ ಕೂಡ್ರಬೇಕು ಅಂತ. ಮುದುಕ ಕೇಳುತ್ತ ಮೂಲೆಯೊಳಗಿದ್ದ ಪೇಟಿಯನ್ನು ನೋಡುತ್ತಿದ್ದ.

"ಇದ ಏನಪಾ ಆ ಪೇಟಿ?" ಅಂದ. "ಒಮ್ಮೆ ಒತ್ತಿ ನೋ‍ಡ್ಲಿ?"

ತಂದು ಅವನ ಮುಂದೆ ಇಟ್ಟೆ. ಅರ್ಧ ಉಳಿದ ಬೆರಳುಗಳನ್ನು ಅವನು ಒಂದೊಂದಾಗಿ ಪಟ್ಟಿಗಳ ಮೇಲೆ ಇಟ್ಟ. ಸ್ವರ ಬರಲಿಲ್ಲ. ಭಾತೆ ಎಳೆಯಲಿಕ್ಕೆ ಅವನ ಎಡಗೈ ಏಳುತ್ತಿರಲಿಲ್ಲ.

ದತ್ತೋಬಾ ಬಾಗಿಲೊಳಗೆ ನಿಂತಿದ್ದ.

"ಬಾ," ಅಂದೆ. "ಗಾಳಿ ಹಾಕು."

ಅವನು ಬಂದು ಕೆಳಗೆ ಕೂತು ಗಾಳಿ ಹಾಕಿದ.